ಮೊದಲ ಪಾಠ ಸಂಬಳದ ಚೀಟಿಯಿಂದ



ನಿಮ್ಮ ಮನೆಯಿಂದ ಅಥವಾ ನೆರೆಮನೆಯಿಂದ ಯಾರಾದರೂ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಾರೆಯೇ? ತಿಂಗಳ ಮೊದಲ ವಾರದಲ್ಲಿ ಅವರ ಕೈಗೆ ಬರುವ ಸಂಬಳದ ಚೀಟಿಯನ್ನು ಓದುವವರು ಯಾರು? ಅವರೇ ಓದಿಕೊಳ್ಳುತ್ತಾರೆಯೇ? ಶಾಲೆಗೆ ಹೋಗುವ ಮಗಳು ಓದಿ ಹೇಳುತ್ತಾಳೆಯೇ? ಅಥವಾ ಕೊನೆಯ ಸಾಲಿನ ಮೊತ್ತವನ್ನಷ್ಟೇ ನೋಡಿ, ಚೀಟಿಯನ್ನು ಮಡಚಿ ಅಕ್ಕಿ ಡಬ್ಬದ ಕೆಳಗೆ ಇಟ್ಟುಬಿಡುತ್ತಾರೆಯೇ?

ವಯಸ್ಕರ ಶಿಕ್ಷಣದ ಮಾತು ಬಂದಾಗಲೆಲ್ಲ ನಮಗೆ ನೆನಪಾಗುವುದು ಸ್ಲೇಟು, ಬಳಪ ಮತ್ತು ರಾತ್ರಿ ಶಾಲೆ. ಕೆಲಸದ ತರಬೇತಿ ಎಂದರೆ ಅದು ಕಂಪನಿಯವರ ವಿಷಯ, ನಮಗೇನು ಸಂಬಂಧ ಎಂದುಕೊಳ್ಳುತ್ತೇವೆ. ಆದರೆ ದುಡಿಯುವ ಹೆಣ್ಣುಮಗಳ ಬದುಕಿನಲ್ಲಿ ಇವೆರಡೂ ಬೇರೆ ಬೇರೆಯಲ್ಲ. ಓದು ಬಾರದವಳು ಕೆಲಸದಲ್ಲಿ ಮುಂದೆ ಹೋಗಲಾರಳು. ಕೆಲಸದಲ್ಲೇ ದಿನ ಮುಗಿಯುವವಳಿಗೆ ಓದು ಕಲಿಯಲು ಸಮಯ ಸಿಗದು. ಈ ಗಂಟನ್ನು ಬಿಚ್ಚುವ ಕೆಲವು ಸಾಧ್ಯವಾದ ದಾರಿಗಳನ್ನು ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇನೆ.

ಬೆಂಗಳೂರಿನ ವಾಯವ್ಯ ಅಂಚಿನಲ್ಲಿರುವ ಚಿಕ್ಕಬಾಣಾವರವನ್ನೇ ತೆಗೆದುಕೊಳ್ಳಿ. ಒಂದು ಕಾಲದಲ್ಲಿ ಕೆರೆ ಮತ್ತು ರೈಲು ನಿಲ್ದಾಣವಿದ್ದ ಹಳ್ಳಿ. ಇಂದು ಅದು ಬಾಡಿಗೆ ಮನೆಗಳ ಊರು. ಪಕ್ಕದಲ್ಲೇ ಪೀಣ್ಯ. ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದೆಂದು ಹೆಸರಾದ ಜಾಗ. ಬೆಳಿಗ್ಗೆ ಫಜ್ರ್ ನಮಾಝ್ ಮುಗಿಸಿ, ಬುತ್ತಿ ಕಟ್ಟಿಕೊಂಡು ಪೀಣ್ಯ, ದಾಸರಹಳ್ಳಿ, ಜಾಲಹಳ್ಳಿಯ ಕಡೆಗೆ ಹೊರಡುವ ಹೆಂಗಸರಲ್ಲಿ ನಮ್ಮ ಮೊಹಲ್ಲಾಗಳ ಸಹೋದರಿಯರೂ ಇದ್ದಾರೆ. ಇವರಲ್ಲಿ ಎಷ್ಟೋ ಮಂದಿ ಕುರ್‌ಆನ್ ಪಾರಾಯಣ ಮಾಡಬಲ್ಲರು. ಆದರೆ ಕನ್ನಡದ ಒಂದು ನೋಟೀಸು ಓದಲಾರರು. ಇಂಗ್ಲಿಷಿನ ಮಾತಂತೂ ದೂರ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಪುರುಷರ ಸಾಕ್ಷರತೆ ಶೇ. 82.47, ಮಹಿಳೆಯರದು ಶೇ. 68.08. ಅಂದರೆ ಏಳು ವರ್ಷ ಮೇಲ್ಪಟ್ಟ ಪ್ರತಿ ನೂರು ಹೆಂಗಸರಲ್ಲಿ ಸುಮಾರು 32 ಮಂದಿಗೆ ಓದು ಬರಹ ಬರುತ್ತಿರಲಿಲ್ಲ. ಮುಸ್ಲಿಮರ ಸಾಕ್ಷರತೆ ದೇಶದ ಸರಾಸರಿಗಿಂತ ಹಿಂದಿದೆ ಎಂಬುದನ್ನು 2006ರ ಸಾಚಾರ್ ಸಮಿತಿಯ ವರದಿ ಅಂಕಿ ಅಂಶಗಳೊಂದಿಗೆ ತೋರಿಸಿಕೊಟ್ಟಿತ್ತು. ಇಂದಿನ ಹುಡುಗಿಯರು ಶಾಲೆಗೆ ಹೋಗುತ್ತಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಆದರೆ ಆ ಹುಡುಗಿಯರ ತಾಯಂದಿರನ್ನು ಏನು ಮಾಡೋಣ? ಅವರ ಕಾಲ ಮುಗಿಯಿತು ಎಂದು ಬಿಟ್ಟುಬಿಡೋಣವೇ?

ವಾರಕ್ಕೊಂದು ದಿನ

ವಯಸ್ಸಾದ ಮೇಲೆ ಎಂಥ ಓದು ಎಂಬ ಮಾತು ನಮ್ಮ ಮನೆಗಳಲ್ಲಿ ಸಾಮಾನ್ಯ. ಆದರೆ ಪ್ರವಾದಿ(ಸ)ರ ಸಂಗಾತಿಗಳಲ್ಲಿ ಅನೇಕರು ಕಲಿಯಲು ಆರಂಭಿಸಿದ್ದೇ ದೊಡ್ಡವರಾದ ಮೇಲೆ. ಇಮಾಮ್ ಬುಖಾರಿಯವರು ಇದನ್ನು ತಮ್ಮ ಗ್ರಂಥದಲ್ಲಿ ವಿಶೇಷವಾಗಿ ಗುರುತಿಸಿದ್ದಾರೆ. ಪುರುಷರ ಗುಂಪಿನಲ್ಲಿ ತಮಗೆ ಅವಕಾಶ ಸಿಗುತ್ತಿಲ್ಲ, ತಮಗಾಗಿಯೇ ಒಂದು ದಿನ ಕೊಡಿ ಎಂದು ಮದೀನಾದ ಮಹಿಳೆಯರು ಕೇಳಿಕೊಂಡಾಗ ಪ್ರವಾದಿ(ಸ)ರು ಅವರಿಗೆ ದಿನ ಗೊತ್ತುಪಡಿಸಿ ಕಲಿಸಿದರು. ಹಝ್ರತ್ ಹಫ್ಸಾ(ರ)ರಿಗೆ ಬರಹ ಕಲಿಸಿದವರು ಶಿಫಾ ಬಿಂತ್ ಅಬ್ದುಲ್ಲಾ(ರ) ಎಂಬ ಮಹಿಳೆ. ಹಝ್ರತ್ ಅಬ್ದುಲ್ಲಾ ಬಿನ್ ಮಸ್‌ಊದ್(ರ)ರು ಗುರುವಾರ ಮಾತ್ರ ಉಪದೇಶ ಮಾಡುತ್ತಿದ್ದರು. ದಿನವೂ ಹೇಳಿರೆಂದು ಜನರು ಕೇಳಿದಾಗ, ನಿಮಗೆ ಬೇಸರವಾಗಬಾರದೆಂದು ಬಿಡುವು ಕೊಡುತ್ತಿದ್ದೇನೆ, ಪ್ರವಾದಿ(ಸ)ರೂ ನಮ್ಮ ವಿಷಯದಲ್ಲಿ ಹೀಗೆಯೇ ಮಾಡುತ್ತಿದ್ದರು ಎಂಬರ್ಥದ ಉತ್ತರ ಕೊಟ್ಟರು.

ವಯಸ್ಕರ ತರಗತಿ ನಡೆಸುವವರಿಗೆ ಇದರಲ್ಲಿ ಮೂರು ಪಾಠಗಳಿವೆ. ಕಲಿಯುವವರು ಕೇಳಿದ ದಿನ ಮತ್ತು ಸಮಯಕ್ಕೆ ಕಲಿಸಬೇಕು. ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ ಕಲಿಸುವ ವ್ಯವಸ್ಥೆ ಬೇಕು. ಪಾಠ ಚಿಕ್ಕದಾಗಿರಬೇಕು, ನಡುವೆ ಬಿಡುವಿರಬೇಕು.

ನಮ್ಮಲ್ಲಿ ಆಗುವುದು ಇದಕ್ಕೆ ವಿರುದ್ಧ. ಎಂಟು ಒಂಬತ್ತು ಗಂಟೆ ಯಂತ್ರದ ಮುಂದೆ ಕೂತು ಬಂದವಳನ್ನು ಪ್ರತಿ ಸಂಜೆ ಎರಡು ಗಂಟೆ ತರಗತಿಗೆ ಕರೆಯುತ್ತೇವೆ. ಒಲೆಯ ಮೇಲೆ ಅನ್ನವಿಟ್ಟು ಅವಳು ಹೇಗೆ ಬಂದಾಳು? ಬಂದರೂ ಅವಳ ಮುಂದೆ ಆನೆ, ಇಲಿಯ ಚಿತ್ರವಿರುವ ಮಕ್ಕಳ ಪುಸ್ತಕ ತೆರೆಯುತ್ತೇವೆ. ಸಂಸಾರ ನಡೆಸುವ ಹೆಂಗಸಿಗೆ ಇದರಿಂದ ನಾಚಿಕೆಯಾಗುತ್ತದೆ. ಮೂರನೆಯ ವಾರಕ್ಕೆ ತರಗತಿ ಖಾಲಿ. ಆಮೇಲೆ ನಮ್ಮ ಹೆಂಗಸರಿಗೆ ಆಸಕ್ತಿಯೇ ಇಲ್ಲ ಎಂದು ದೂರುತ್ತೇವೆ.

ಭಾನುವಾರ ಅಸರ್ ನಂತರ ಮುಕ್ಕಾಲು ಗಂಟೆ, ವಾರದ ನಡುವೆ ಒಂದು ದಿನ ಅರ್ಧ ಗಂಟೆ. ಇಷ್ಟು ಸಾಕು. ಆದರೆ ಅದು ತಪ್ಪಬಾರದು. ಭಾನುವಾರ ಮಧ್ಯಾಹ್ನದ ಮೇಲೆ ಎಷ್ಟೋ ಮದ್ರಸಾಗಳ ಕೋಣೆಗಳು ಖಾಲಿ ಇರುತ್ತವೆ. ಚಿಕ್ಕ ಮಕ್ಕಳನ್ನು ಜೊತೆಗೆ ಕರೆತರಲು ಬಿಡಿ. ದೊಡ್ಡ ಹುಡುಗಿಯೊಬ್ಬಳು ಆ ಮಕ್ಕಳನ್ನು ನೋಡಿಕೊಳ್ಳಲಿ.

ಚೀಟಿಯಲ್ಲಿ ಏನಿದೆ?

ಪಾಠವನ್ನು ಎಲ್ಲಿಂದ ಆರಂಭಿಸುವುದು? ಬ್ರೆಝಿಲ್ ದೇಶದ ಪಾವ್ಲೊ ಫ್ರೇರೆ ಎಂಬ ಶಿಕ್ಷಣತಜ್ಞರು 1963ರಲ್ಲಿ ಅಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಕೂಲಿಕಾರರಿಗೆ 40 ಗಂಟೆಗಳಲ್ಲಿ ಓದು ಕಲಿಸುವ ಪ್ರಯೋಗ ನಡೆಸಿ ಹೆಸರಾದರು. ದುಡಿಯುವವರು ದಿನನಿತ್ಯ ಬಳಸುವ, ಅವರ ಬದುಕಿಗೆ ಸಂಬಂಧಪಟ್ಟ ಪದಗಳಿಂದಲೇ ಅಕ್ಷರ ಕಲಿಸುವುದು ಅವರ ವಿಧಾನ. ನಮ್ಮ ಪೀಣ್ಯದ ಸಹೋದರಿಯ ಬದುಕಿಗೆ ಸಂಬಂಧಪಟ್ಟ ಕಾಗದ ಅವಳ ಕೈಚೀಲದಲ್ಲೇ ಇದೆ. ಅದು ಸಂಬಳದ ಚೀಟಿ.

ಒಂದು ಲೆಕ್ಕ ನೋಡೋಣ. ಸುಲಭವಾಗಲೆಂದು ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ಒಟ್ಟು ಸಂಬಳ 10,000 ರೂಪಾಯಿ ಎಂದಿಟ್ಟುಕೊಳ್ಳಿ. ಭವಿಷ್ಯನಿಧಿ ಅಂದರೆ ಪಿ.ಎಫ್.ಗೆ ಶೇ. 12ರಂತೆ 1,200 ರೂಪಾಯಿ ಹಿಡಿಯುತ್ತಾರೆ. ಇ.ಎಸ್.ಐ.ಗೆ ಶೇ. 0.75ರಂತೆ 75 ರೂಪಾಯಿ. ಬೇರೆ ಕಡಿತವಿಲ್ಲದಿದ್ದರೆ ಕೈಗೆ ಬರುವುದು 8,725 ರೂಪಾಯಿ. ಇಷ್ಟನ್ನು ನೋಡಿ 'ಅಯ್ಯೋ, ಹಣ ಹೋಯಿತು' ಎಂದು ಅನೇಕರು ಮರುಗುತ್ತಾರೆ. ಆದರೆ ಅದು ಹೋದ ಹಣವಲ್ಲ. ಮಾಲೀಕರೂ ತಮ್ಮ ಕಡೆಯಿಂದ ಪಿ.ಎಫ್.ಗೆ 1,200 ರೂಪಾಯಿ ಕಟ್ಟಬೇಕು. ಅದರಲ್ಲಿ 833 ರೂಪಾಯಿ ಪಿಂಚಣಿ ಖಾತೆಗೆ, 367 ರೂಪಾಯಿ ಭವಿಷ್ಯನಿಧಿಗೆ ಹೋಗುತ್ತದೆ. ಇ.ಎಸ್.ಐ.ಗೆ ಅವರು ಶೇ. 3.25ರಂತೆ 325 ರೂಪಾಯಿ ಕಟ್ಟಬೇಕು. ಆ 75 ರೂಪಾಯಿಯ ಮೇಲೆಯೇ ಅವಳಿಗೂ ಅವಳನ್ನು ಅವಲಂಬಿಸಿದವರಿಗೂ ಇ.ಎಸ್.ಐ. ಆಸ್ಪತ್ರೆಯ ಚಿಕಿತ್ಸೆ ನಿಂತಿದೆ. ನಿಯಮದಂತೆ ಅರ್ಹಳಾದವಳಿಗೆ ಮೊದಲ ಎರಡು ಮಕ್ಕಳ ಹೆರಿಗೆಗೆ 26 ವಾರಗಳ ಸಂಬಳ ಸಹಿತ ರಜೆಯೂ ಅದರಲ್ಲೇ ಇದೆ.

ಈ ಒಂದು ಚೀಟಿಯಿಂದ ಒಂದು ತಿಂಗಳ ಪಾಠವಾಗುತ್ತದೆ. ಮೊದಲ ವಾರ ಅದರಲ್ಲಿರುವ ತನ್ನ ಹೆಸರು. ಎರಡನೆಯ ವಾರ ಅಂಕಿಗಳು, ಹಾಜರಿಯ ದಿನಗಳು, ಓವರ್‌ಟೈಮ್ ಗಂಟೆಗಳು. ಮೂರನೆಯ ವಾರ ಕೂಡುವುದು, ಕಳೆಯುವುದು, ಶೇಕಡಾ. ನಾಲ್ಕನೆಯ ವಾರ ಪಿ.ಎಫ್.ನ 12 ಅಂಕಿಗಳ ಯು.ಎ.ಎನ್. ಸಂಖ್ಯೆ. ಕಾರ್ಖಾನೆ ಬದಲಾದರೂ ಈ ಸಂಖ್ಯೆ ಬದಲಾಗುವುದಿಲ್ಲ. ಇದು ತಿಳಿಯದೆ ಹೊಸ ಕಡೆ ಹೊಸ ಸಂಖ್ಯೆ ಮಾಡಿಸಿಕೊಂಡವರ ಹಳೆಯ ಹಣ ಹಳೆಯ ಖಾತೆಯಲ್ಲೇ ಉಳಿಯುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಂತೆ ಕೆಲಸಗಾರರಿಗೆ ನೇಮಕಾತಿ ಪತ್ರ ಕೊಡುವುದೂ ಕಡ್ಡಾಯ. ಎರಡನೆಯ ತಿಂಗಳ ಪಾಠಕ್ಕೆ ಅದನ್ನೇ ಇಟ್ಟುಕೊಳ್ಳಬಹುದು.

ಇದು ಸಣ್ಣ ವಿಷಯ ಎನ್ನುವವರು 2016ರ ಏಪ್ರಿಲ್ ತಿಂಗಳನ್ನು ನೆನಪಿಸಿಕೊಳ್ಳಲಿ. ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಪಿ.ಎಫ್. ನಿಯಮ ಬದಲಿಸಿತು. ಕೆಲಸ ಬಿಟ್ಟವರು ಮಾಲೀಕರ ಪಾಲಿನ ಹಣಕ್ಕೆ 58 ವರ್ಷದ ವರೆಗೆ ಕಾಯಬೇಕು ಎಂಬುದು ಅದರ ಸಾರ. ಏಪ್ರಿಲ್ 18ರಂದು ಹೊಸೂರು ರಸ್ತೆಯ ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದರು. ಮರುದಿನ ಅದು ಪೀಣ್ಯ, ಜಾಲಹಳ್ಳಿ ಕ್ರಾಸ್ ವರೆಗೂ ಹಬ್ಬಿತು. ಯಾವುದೇ ದೊಡ್ಡ ನಾಯಕರ ಕರೆಯಿಲ್ಲದೆ ಸಾವಿರಾರು ಹೆಂಗಸರು ರಸ್ತೆಯಲ್ಲಿ ಕೂತರು. ಏಪ್ರಿಲ್ 19ರಂದೇ ಸರಕಾರ ಆ ಆದೇಶವನ್ನು ಹಿಂದೆಗೆದುಕೊಂಡಿತು. ಆದರೆ ಅದಕ್ಕೆ ಮುನ್ನ ಕೆಲವು ಕಡೆ ಹಿಂಸೆಯಾಯಿತು, ಬಸ್‌ಗಳು ಸುಟ್ಟವು, ಲಾಠಿ ಪ್ರಹಾರವೂ ನಡೆಯಿತು.

ಆ ಹೆಂಗಸರಿಗೆ ಪಿ.ಎಫ್. ಎಂದರೆ ಮಗಳ ಮದುವೆ, ಮಗನ ಫೀಸು, ಗಂಡನ ಆಪರೇಷನ್. ಅವರ ಆತಂಕ ನ್ಯಾಯವಾದದ್ದೇ. ನಾನು ಕೇಳುವುದಿಷ್ಟೆ: ಫೆಬ್ರವರಿಯಲ್ಲೇ ಪ್ರತಿ ಕಾರ್ಖಾನೆಯಲ್ಲಿ ಊಟದ ನಂತರ ಅರ್ಧ ಗಂಟೆ ಯಾರಾದರೂ ಆ ಆದೇಶವನ್ನು ಕನ್ನಡದಲ್ಲಿ ಓದಿ ವಿವರಿಸಿದ್ದರೆ? ಯಾವ ಪಾಲು ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ಹೆಂಗಸರಿಗೇ ತಿಳಿದಿದ್ದರೆ? ಅವರ ಮಾತು ಲಾಠಿಗಿಂತ ಮೊದಲೇ ದೆಹಲಿ ತಲುಪಬಹುದಿತ್ತು.

ಖಾಯಿದಾದಿಂದ ಕಾಗುಣಿತಕ್ಕೆ

ನಮ್ಮ ಹೆಂಗಸರ ವಿಷಯದಲ್ಲಿ ಇನ್ನೊಂದು ಅನುಕೂಲವಿದೆ. ಅದನ್ನು ಸರಕಾರಿ ಪುಸ್ತಕಗಳು ಗಮನಿಸುವುದಿಲ್ಲ. ಕುರ್‌ಆನ್ ಓದಬಲ್ಲ ಹೆಂಗಸು ನಿಜವಾಗಿ ನಿರಕ್ಷರಿಯಲ್ಲ. ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧ ಅವಳಿಗೆ ಬಾಲ್ಯದಲ್ಲೇ ತಿಳಿದಿದೆ. 'ಬೇ ಝಬರ್ ಬ, ಬೇ ಝೇರ್ ಬಿ, ಬೇ ಪೇಶ್ ಬು' ಎಂದು ಅವಳು ಖಾಯಿದಾದಲ್ಲಿ ಕಲಿತದ್ದು ಕನ್ನಡದ ಕಾಗುಣಿತವಲ್ಲದೆ ಮತ್ತೇನು? ಝೇರ್ ಇದ್ದ ಕಡೆ ಇಲ್ಲಿ ಗುಡಿಸು, ಪೇಶ್ ಇದ್ದ ಕಡೆ ಕೊಂಬು. ಅಲಿಫ್ ಸೇರಿ ಎಳೆದರೆ 'ಬಾ', ಯೇ ಸೇರಿದರೆ 'ಬೀ', ವಾವ್ ಸೇರಿದರೆ 'ಬೂ'. ತಶ್ದೀದ್ ಬಂದರೆ ಅಕ್ಷರ ಇಮ್ಮಡಿಯಾಗುವಂತೆ ಕನ್ನಡದಲ್ಲಿ ಒತ್ತಕ್ಷರ ಬರುತ್ತದೆ: ಅಮ್ಮ, ಅಕ್ಕಿ, ಎಣ್ಣೆ.

ಹೀಗೆ ಹೋಲಿಸಿ ಹೇಳಿಕೊಟ್ಟಾಗ ಮುಖ ಅರಳುವುದನ್ನು ತರಗತಿಯಲ್ಲಿ ನೋಡುತ್ತೇನೆ. 'ನನಗೇನೂ ಬಾರದು' ಎಂದು ಕೂತವಳು 'ಇದು ನನಗೆ ಅರ್ಧ ಗೊತ್ತಿದೆ' ಎನ್ನತೊಡಗುತ್ತಾಳೆ. ಬಲದಿಂದ ಎಡಕ್ಕೆ ಓದಿದ ಕಣ್ಣಿಗೆ ಎಡದಿಂದ ಬಲಕ್ಕೆ ಓದುವುದು ಮೊದಲು ತುಸು ಕಷ್ಟ. ಸಾಲಿನ ಕೆಳಗೆ ಬೆರಳಿಟ್ಟು ಓದಿಸಿದರೆ ಅದು ಬೇಗ ಸರಿಹೋಗುತ್ತದೆ. ಉರ್ದು ಬರಹದಲ್ಲಿ ಝಬರ್ ಝೇರ್‌ಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಕನ್ನಡದಲ್ಲಿ ಹಾಗಿಲ್ಲ, ಬರೆದಂತೆಯೇ ಓದಬಹುದು. ಮದ್ರಸಾದಲ್ಲಿ ಕಲಿಸುವ ಮುಅಲ್ಲಿಮಾಗಳಿಗೆ ಕನ್ನಡವೂ ಬಂದರೆ, ವಯಸ್ಕರ ತರಗತಿಗೆ ಅವರಿಗಿಂತ ಒಳ್ಳೆಯ ಶಿಕ್ಷಕಿಯರು ಸಿಗಲಾರರು.

ವಯಸ್ಸಿನ ಅಳುಕಿರುವವರಿಗೆ ಕೇರಳದ ಚೇಲಕ್ಕೋಡನ್ ಆಯಿಶಾರನ್ನು ಪರಿಚಯಿಸಿ. ಮಲಪ್ಪುರಂ ಜಿಲ್ಲೆಯ ಈ ಸಾಮಾನ್ಯ ಮುಸ್ಲಿಮ್ ಮಹಿಳೆ ಸಾಕ್ಷರತಾ ಆಂದೋಲನದಲ್ಲಿ, ದೊಡ್ಡ ವಯಸ್ಸಿನಲ್ಲಿ ಅಕ್ಷರ ಕಲಿತರು. 1991ರ ಏಪ್ರಿಲ್ 18ರಂದು ಕೋಝಿಕ್ಕೋಡಿನ ಮಾನಾಂಚಿರ ಮೈದಾನದಲ್ಲಿ ಕೇರಳ ಸಂಪೂರ್ಣ ಸಾಕ್ಷರ ರಾಜ್ಯವೆಂದು ಘೋಷಿಸಿದ್ದು ಇದೇ ಆಯಿಶಾ. ಗಣ್ಯರೆಲ್ಲ ವೇದಿಕೆಯಲ್ಲಿದ್ದರೂ ಘೋಷಣೆಯ ಗೌರವ ಹೊಸದಾಗಿ ಕಲಿತವಳಿಗೆ ಸಂದಿತು.

ಯಂತ್ರದ ಮುಂದಿನ ಪಾಠ

ಈಗ ಕೆಲಸದ ತರಬೇತಿಯ ಮಾತು. ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್ ಆಗಿ ಸೇರಿದವಳು ಟೈಲರ್ ಆಗಬೇಕಾದರೆ ಯಾರಾದರೂ ಕಲಿಸಬೇಕು. ಆದರೆ ಅನೇಕ ಕಡೆ ಕಲಿಸುವ ರೀತಿ ಹೇಗಿರುತ್ತದೆ? 'ಅವಳು ಮಾಡುವುದನ್ನು ನೋಡಿ ಕಲಿ' ಎಂಬ ಒಂದು ಮಾತು. ತಪ್ಪಾದರೆ ಎಲ್ಲರ ಮುಂದೆ ಬೈಗುಳ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಗಂಡಸರು ಸೇನೆಗೆ ಹೋದಾಗ, ಯಂತ್ರ ಮುಟ್ಟಿ ಗೊತ್ತಿಲ್ಲದ ಲಕ್ಷಾಂತರ ಹೆಂಗಸರು ಕಾರ್ಖಾನೆಗಳಿಗೆ ಬಂದರು. ಅವರಿಗೆ ಕಲಿಸಲು ಅಲ್ಲಿಯ ಸರಕಾರ 1940ರಿಂದ 1945ರ ವರೆಗೆ ಮೇಲ್ವಿಚಾರಕರಿಗೇ ತರಬೇತಿ ಕೊಟ್ಟಿತು. ಅದರಲ್ಲಿ ಹೇಳಿದ ನಾಲ್ಕು ಹೆಜ್ಜೆಗಳು ಇಂದಿಗೂ ಉಪಯುಕ್ತ. ಮೊದಲು, ಕಲಿಯುವವಳ ಭಯ ಹೋಗಲಾಡಿಸಿ ಅವಳಿಗೆ ಏನು ಗೊತ್ತಿದೆ ಎಂದು ಕೇಳಬೇಕು. ಎರಡನೆಯದಾಗಿ, ಒಂದೊಂದೇ ಹಂತವಾಗಿ ಮಾಡಿ ತೋರಿಸಿ, ಹಾಗೆ ಏಕೆ ಮಾಡಬೇಕೆಂದೂ ಹೇಳಬೇಕು. ಮೂರನೆಯದಾಗಿ, ಅವಳಿಂದ ಮಾಡಿಸಿ, ಮಾಡುತ್ತಾ ಅವಳ ಬಾಯಿಂದಲೇ ವಿವರಿಸಲು ಹೇಳಬೇಕು. ನಾಲ್ಕನೆಯದಾಗಿ, ಅವಳನ್ನು ಕೆಲಸಕ್ಕೆ ಬಿಟ್ಟು, ಸಂಶಯ ಬಂದರೆ ಯಾರನ್ನು ಕೇಳಬೇಕೆಂದು ತಿಳಿಸಿ, ಆಗಾಗ ಬಂದು ನೋಡಬೇಕು. ಕಲಿಯುವವಳಿಗೆ ಬಾರದಿದ್ದರೆ ಕಲಿಸಿದ್ದು ಸಾಲದು ಎಂಬುದು ಇದರ ಹಿಂದಿನ ತಿಳುವಳಿಕೆ.

ನಿಮ್ಮಲ್ಲಿ ಸೂಪರ್‌ವೈಸರ್ ಆದವರಿದ್ದರೆ ನಾಳೆಯಿಂದಲೇ ಇದನ್ನು ಮಾಡಿ ನೋಡಿ. ಮನೆಯಲ್ಲಿ ಹೊಲಿಗೆ ಕಲಿಸುವವರಿಗೂ, ಸೊಸೆಗೆ ಅಡುಗೆ ಹೇಳಿಕೊಡುವ ಅತ್ತೆಗೂ ಇದು ಅನ್ವಯಿಸುತ್ತದೆ.

ಯಂತ್ರದ ಕೆಲಸ ಮಾತ್ರವಲ್ಲ, ಮಾತನಾಡುವುದು, ಸಮಯ ಹೊಂದಿಸುವುದು, ಹಣದ ಲೆಕ್ಕ, ಕಾನೂನು, ಆರೋಗ್ಯ ಇವುಗಳ ತರಬೇತಿಯೂ ಬೆಂಗಳೂರಿನಲ್ಲಿ ನಡೆದಿದೆ. ಗ್ಯಾಪ್ ಎಂಬ ಬಟ್ಟೆ ಕಂಪನಿ 2007ರಲ್ಲಿ ಆರಂಭಿಸಿದ ಇಂಥ ಕಾರ್ಯಕ್ರಮವನ್ನು ಶಾಹಿ ಎಕ್ಸ್‌ಪೋರ್ಟ್ಸ್‌ನ ಬೆಂಗಳೂರಿನ ಐದು ಕಾರ್ಖಾನೆಗಳಲ್ಲಿ 2013-14ರಲ್ಲಿ ಸಂಶೋಧಕರು ಪರೀಕ್ಷಿಸಿ ನೋಡಿದರು. ಸುಮಾರು 80 ಗಂಟೆಗಳ ಪಾಠ, ಅದನ್ನು ಹಲವು ತಿಂಗಳುಗಳಿಗೆ ಹಂಚಲಾಗಿತ್ತು. ಯಾರಿಗೆ ತರಬೇತಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದರು. ಹಾಗಾಗಿ ಹೋಲಿಕೆ ನ್ಯಾಯವಾಗಿತ್ತು. ತರಬೇತಿ ಪಡೆದವರ ಉತ್ಪಾದನೆ ಇತರರಿಗಿಂತ ಗಣನೀಯವಾಗಿ ಹೆಚ್ಚಿತು. ಖರ್ಚು ಕಳೆದು, ಹಾಕಿದ ಹಣದ ಎರಡೂವರೆ ಪಟ್ಟಿನಷ್ಟು ಲಾಭ ಕಂಪನಿಗೆ ಬಂತೆಂದು 2018ರಲ್ಲಿ ಹೊರಬಂದ ಅಧ್ಯಯನ ಹೇಳಿತು.

ಆ ಹೆಂಗಸರ ಸಂಬಳ ಎಷ್ಟು ಹೆಚ್ಚಿತು? ಸುಮಾರು ಅರ್ಧ ಶೇಕಡಾ. ಹತ್ತು ಸಾವಿರಕ್ಕೆ ಐವತ್ತು ರೂಪಾಯಿ!

ಸಹೋದರಿಯರೇ, ಈ ಸುದ್ದಿಯ ಎರಡೂ ಭಾಗವನ್ನು ನೆನಪಿಡಿ. ಹೆಂಗಸರಿಗೆ ಕಲಿಸಿದರೆ ಕಾರ್ಖಾನೆಗೆ ನಷ್ಟವಿಲ್ಲ, ಲಾಭವೇ ಇದೆ. ಆದ್ದರಿಂದ ತರಬೇತಿಗೆ ಕೆಲಸದ ವೇಳೆಯಲ್ಲೇ ಸಮಯ ಕೊಡಿ ಎಂದು ಕೇಳುವುದು ಭಿಕ್ಷೆಯಲ್ಲ. ಇನ್ನೊಂದು, ಕಲಿತ ಮೇಲೆ ಸಂಬಳ ತಾನಾಗಿ ಏರುವುದಿಲ್ಲ. ತರಬೇತಿಗೆ ಹೆಸರು ಕೊಡುವಾಗಲೇ ವಿನಯದಿಂದ ಕೇಳಿ: ಮುಗಿದ ಮೇಲೆ ಪ್ರಮಾಣಪತ್ರ ಸಿಗುತ್ತದೆಯೇ? ದರ್ಜೆ ಬದಲಾಗುತ್ತದೆಯೇ? ಎಷ್ಟು ತಿಂಗಳಲ್ಲಿ? ಒಬ್ಬಳೇ ಕೇಳಲು ಹೆದರಿಕೆಯಾದರೆ ನಾಲ್ವರು ಸೇರಿ ಕೇಳಿ. ಕೆಲಸಗಾರನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ಕಲಿಸಿದ ಧರ್ಮ ನಮ್ಮದು. ನಮ್ಮವರಲ್ಲೇ ಚಿಕ್ಕ ಪುಟ್ಟ ಹೊಲಿಗೆ ಘಟಕ ನಡೆಸುವವರಿದ್ದಾರೆ. ಅವರೂ ಈ ಮಾತನ್ನು ತಮಗೆ ಹೇಳಿದ್ದೆಂದು ಭಾವಿಸಲಿ.

ಇರುವ ದಾರಿಗಳು

ಅಕ್ಷರ ಕಲಿತವರಿಗೆ ಮುಂದಿನ ಮೆಟ್ಟಿಲುಗಳು ಇವೆ. 15 ವರ್ಷ ಮೇಲ್ಪಟ್ಟವರಿಗಾಗಿ ಕೇಂದ್ರ ಸರಕಾರ 2022ರಿಂದ 2027ರ ಅವಧಿಗೆ ರೂಪಿಸಿದ ಉಲ್ಲಾಸ್ ಕಾರ್ಯಕ್ರಮದಲ್ಲಿ ಓದು, ಬರಹ, ಲೆಕ್ಕ ತಲಾ 50 ಅಂಕಗಳಂತೆ 150 ಅಂಕಗಳ ಪರೀಕ್ಷೆಯಿದೆ, ಪಾಸಾದವರಿಗೆ ಪ್ರಮಾಣಪತ್ರವಿದೆ. ಇದರಲ್ಲಿ ಕಲಿಸುವವರು ಸ್ವಯಂಸೇವಕರು. ಕಾಲೇಜಿಗೆ ಹೋಗುವ ನಿಮ್ಮ ಮಗಳೂ ಶಿಕ್ಷಕಿಯಾಗಬಹುದು. ಕರ್ನಾಟಕದಲ್ಲಿ ಲೋಕ ಶಿಕ್ಷಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

1967ರಲ್ಲಿ ಮುಂಬೈಯಲ್ಲಿ ಶ್ರಮಿಕ ವಿದ್ಯಾಪೀಠವೆಂದು ಆರಂಭವಾಗಿ, 2000ದಲ್ಲಿ ಜನ ಶಿಕ್ಷಣ ಸಂಸ್ಥಾನ ಎಂದು ಹೆಸರು ಬದಲಿಸಿದ ಸಂಸ್ಥೆಗಳು ಶಾಲೆ ಬಿಟ್ಟವರಿಗೂ ಓದು ಬಾರದವರಿಗೂ ಕಸುಬು ಕಲಿಸುತ್ತವೆ. ಹತ್ತು ವರ್ಷ ಹೊಲಿದರೂ ಕೈಯಲ್ಲಿ ಒಂದು ಕಾಗದವಿಲ್ಲದವರಿಗೆ, ಈಗಾಗಲೇ ಬರುವ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ 'ಪೂರ್ವ ಕಲಿಕೆಯ ಮಾನ್ಯತೆ' ಎಂಬ ವ್ಯವಸ್ಥೆಯಿದೆ. ಹತ್ತನೆಯ ತರಗತಿ ಮುಗಿಸಬೇಕೆಂಬ ಆಸೆಯಿರುವವರಿಗೆ ರಾಷ್ಟ್ರೀಯ ಮುಕ್ತ ಶಾಲೆಯಿದೆ. ಅಲ್ಲಿ ಗರಿಷ್ಠ ವಯಸ್ಸಿನ ಮಿತಿಯಿಲ್ಲ. ಎಲ್ಲ ವಿಷಯಗಳನ್ನೂ ಒಂದೇ ಸಲ ಪಾಸು ಮಾಡಬೇಕಾಗಿಯೂ ಇಲ್ಲ.

ಇನ್ನು ಮನೆಯವರಿಗೆ ಒಂದು ಮಾತು. ಹೆಂಡತಿ ವಾರದಲ್ಲಿ ಒಂದು ಗಂಟೆ ಕಲಿಯಲು ಹೋದರೆ ಆ ಒಂದು ಗಂಟೆ ಅಡುಗೆಮನೆ ಯಾರದು? ಪ್ರವಾದಿ(ಸ)ರು ಮನೆಯಲ್ಲಿ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಗಂಡಂದಿರು ಈ ಸುನ್ನತ್ತನ್ನು ಭಾನುವಾರ ಸಂಜೆ ಪಾಲಿಸಿದರೆ ತರಗತಿ ತುಂಬುತ್ತದೆ. ಮಸೀದಿ ಕಮಿಟಿಯವರು ಒಂದು ಕೋಣೆ, ಒಂದು ಕಪ್ಪು ಹಲಗೆ, ಶಿಕ್ಷಕಿಗೆ ಒಂದಿಷ್ಟು ಗೌರವಧನ ಕೊಟ್ಟರೆ ಸಾಕು.

ಈ ಪತ್ರಿಕೆಯನ್ನು ಓದಬಲ್ಲ ನೀವು ದೊಡ್ಡ ಯೋಜನೆಗಾಗಿ ಕಾಯಬೇಡಿ. ಈ ಭಾನುವಾರ ನೆರೆಮನೆಯ ಒಬ್ಬ ಸಹೋದರಿಯನ್ನು ಕರೆದು, ಚಹಾ ಕೊಟ್ಟು, ಅವಳ ಸಂಬಳದ ಚೀಟಿ ತರಲು ಹೇಳಿ. ಮೊದಲು ಅವಳ ಹೆಸರು ಎಲ್ಲಿದೆ ಎಂದು ತೋರಿಸಿ. ಅವಳ ಸಂಬಳದ ಮಾತನ್ನು ಇನ್ನೊಬ್ಬರ ಮುಂದೆ ಆಡಬೇಡಿ, ಅದು ಅಮಾನತ್ತು. ಮುಂದಿನ ತಿಂಗಳು ಅವಳೇ ಓದಲಿ, ನೀವು ಕೇಳಿ.

ಕಲಿಯುವವರ ಮತ್ತು ಕಲಿಸುವವರ ಶ್ರಮದಲ್ಲಿ ಅಲ್ಲಾಹನು ಬರಕತ್ ನೀಡಲಿ. ಆಮೀನ್.